ಏಳನೇ ನಂಬರ್ ಚೆಂಡು, ಐದನೇ ಕ್ಲಾಸಿನ ಕೈ

ಪಾಂಡವಪುರದ ಕಡೆಯ ಶಾಲೆಗಳಲ್ಲಿ ಕಬಡ್ಡಿ, ಕೊಕ್ಕೊ, ವಾಲಿಬಾಲ್‌ಗಳದ್ದೇ ಜೋರು. ಬ್ಯಾಸ್ಕೆಟ್‌ಬಾಲ್ ಕಂಬ ನೆಟ್ಟ ಅಂಗಳಗಳಲ್ಲಿ ಎಷ್ಟೋ ಕಡೆ ನೆಲ ಇನ್ನೂ ಮಣ್ಣಿನದೇ. ಆದರೆ ಈ ಆಟ ಹುಟ್ಟಿದ್ದು ಚಾವಣಿಯ ಕೆಳಗೆ. 1891ರ ಡಿಸೆಂಬರ್ ಚಳಿಯಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಮೇಷ್ಟ್ರು ವಿದ್ಯಾರ್ಥಿಗಳನ್ನು ಒಳಗೇ ಆಡಿಸಲೆಂದು ಇದನ್ನು ಕಟ್ಟಿದರು. ಮೊದಲು ಆಡಿದ್ದು ಫುಟ್‌ಬಾಲ್‌ನಲ್ಲಿ. ಈ ಆಟಕ್ಕೆಂದೇ ಬೇರೆ ಚೆಂಡು ಬಂದದ್ದು 1894ರ ಸುಮಾರಿಗೆ. ಅಲ್ಲಿಂದಾಚೆಗೆ ಚೆಂಡನ್ನು ತಿದ್ದಿದವರೆಲ್ಲ ಹೆಚ್ಚಾಗಿ ಮನಸ್ಸಿನಲ್ಲಿಟ್ಟುಕೊಂಡದ್ದು ಮರದ ಹಲಗೆಯ ನೆಲವನ್ನು, ಬೆಳೆದವರ ಕೈಯನ್ನು.

ಗಾಳಿ ನಿಲ್ಲದೆ ಮೂಲೆ ಸೇರಿದ ರಬ್ಬರ್ ಚೆಂಡೊಂದನ್ನು ಬ್ಲೇಡಿನಿಂದ ಸೀಳಿ ನೋಡಿ. ಒಳಗೆ ತೆಳ್ಳನೆಯ ಕಪ್ಪು ಬ್ಲಾಡರ್ ಸಿಗುತ್ತದೆ. ಅದು ಬ್ಯುಟೈಲ್ ರಬ್ಬರು, ಸೈಕಲ್ ಟ್ಯೂಬಿನ ಜಾತಿಯದು. ಇದರ ಅಣುಸರಪಳಿಗಳು ಒತ್ತೊತ್ತಾಗಿ ಕೂತಿರುವುದರಿಂದ ಗಾಳಿ ನುಸುಳಿ ಹೋಗುವುದು ಬಹಳ ನಿಧಾನ. ಅದರ ಮೇಲೆ ನೈಲಾನ್ ನೂಲನ್ನು ಎಲ್ಲ ದಿಕ್ಕಿನಿಂದಲೂ ಸುತ್ತಿರುತ್ತಾರೆ. ಚೆಂಡು ದುಂಡಗೆ ಉಳಿಯುವುದು ಈ ನೂಲಿನ ಬಿಗಿಯಿಂದ. ಒಂದು ಕಡೆ ಸಡಿಲವಾದರೆ ಅಲ್ಲಿ ಉಬ್ಬು ಏಳುತ್ತದೆ, ಪುಟಿಸಿದಾಗ ಚೆಂಡು ಅಡ್ಡಾದಿಡ್ಡಿ ಹಾರುತ್ತದೆ. ಹೊರಗಿನ ಹೊದಿಕೆಯನ್ನು ಅಚ್ಚಿನಲ್ಲಿಟ್ಟು ಗಂಧಕದೊಂದಿಗೆ ಬೇಯಿಸುವಾಗಲೇ ಮೇಲಿನ ಸಣ್ಣ ಗುಳ್ಳೆಗಳೂ ಬೆರಳು ಕೂರುವ ಗೀರುಗಳೂ ಮೂಡುತ್ತವೆ. ಮರಳು ಮೊದಲು ತಿನ್ನುವುದು ಈ ಗುಳ್ಳೆಗಳನ್ನೇ. ಅವು ಸವೆದ ಚೆಂಡು ಬೆವರಿದ ಕೈಯಿಂದ ಜಾರುತ್ತದೆ.

ಚೆಂಡು ಸರಿಯಿದೆಯೇ ಎಂದು ನೋಡುವ ಮುಖ್ಯ ಪರೀಕ್ಷೆಗೆ ದೊಡ್ಡ ಯಂತ್ರವೇನೂ ಬೇಕಿಲ್ಲ. ಅಮೆರಿಕದ ಹೈಸ್ಕೂಲುಗಳ ನಿಯಮ ಹೀಗಿದೆ: ಚೆಂಡಿನ ತಳ ನೆಲದಿಂದ ಆರು ಅಡಿ ಮೇಲಿರುವಂತೆ ಹಿಡಿದು ಕೈಬಿಟ್ಟರೆ, ಪುಟಿದೆದ್ದ ಚೆಂಡಿನ ನೆತ್ತಿ 49 ಅಂಗುಲಕ್ಕಿಂತ ಕೆಳಗಿರಬಾರದು, 54 ಅಂಗುಲ ಮೀರಬಾರದು. ಕಡಿಮೆ ಪುಟಿಯುವ ಜಾಗ ನೆಲಕ್ಕೆ ತಗುಲಿದಾಗ ಮೊದಲನೆಯ ಅಳತೆ, ಹೆಚ್ಚು ಪುಟಿಯುವ ಜಾಗ ತಗುಲಿದಾಗ ಎರಡನೆಯದು. ಒಂದೇ ಚೆಂಡು ಎಲ್ಲ ಕಡೆಯಿಂದಲೂ ಒಂದೇ ಸಮ ಪುಟಿಯುವುದಿಲ್ಲ ಎಂಬುದನ್ನು ನಿಯಮವೇ ಒಪ್ಪಿಕೊಂಡಿದೆ. ಲೆಕ್ಕ ಹಾಕಿದರೆ ಒಳ್ಳೆಯ ಚೆಂಡು ಕೂಡ ಒಂದು ಪುಟಿತಕ್ಕೆ ತನ್ನ ಶಕ್ತಿಯಲ್ಲಿ ಸುಮಾರು ಶೇಕಡ 40ರಷ್ಟನ್ನು ಕಳೆದುಕೊಳ್ಳುತ್ತದೆ. ಅದು ರಬ್ಬರಿನಲ್ಲಿ, ನೂಲಿನಲ್ಲಿ ಶಾಖವಾಗಿ, ಸದ್ದಾಗಿ ಹೋಗುತ್ತದೆ. ಡ್ರಿಬಲ್ ಮಾಡುವ ಹುಡುಗಿ ಪ್ರತಿ ಸಲವೂ ಕೈಯಿಂದ ತುಂಬಿಕೊಡುವುದು ಈ ನಷ್ಟವನ್ನೇ.

ಈ ಅಳತೆ ಗಟ್ಟಿ ನೆಲಕ್ಕೆ. ಮಣ್ಣಿನಂಗಳದಲ್ಲಿ ನೆಲವೇ ತಗ್ಗಿ ಇನ್ನಷ್ಟು ಶಕ್ತಿ ನುಂಗುತ್ತದೆ, ಚೆಂಡು ಮೊಣಕಾಲ ಹತ್ತಿರವೇ ನಿಂತುಬಿಡುತ್ತದೆ. ಆಗ ಎಲ್ಲರೂ ಮಾಡುವುದು ಒಂದೇ ಕೆಲಸ, ಪಂಪು ಹಿಡಿದು ಇನ್ನಷ್ಟು ಗಾಳಿ ಹೊಡೆಯುವುದು. ಅದಕ್ಕೆ ನಮ್ಮ ಬಿಸಿಲೂ ಸೇರುತ್ತದೆ. ಬೆಳಿಗ್ಗೆ 20 ಡಿಗ್ರಿಯಲ್ಲಿ 8 ಪೌಂಡ್ ಒತ್ತಡಕ್ಕೆ ಗಾಳಿ ತುಂಬಿದ ಚೆಂಡು ಮಧ್ಯಾಹ್ನ 35 ಡಿಗ್ರಿಗೆ ಕಾದರೆ ಒತ್ತಡ 9 ಪೌಂಡ್ ದಾಟುತ್ತದೆ. ಗಾಳಿ ಹೆಚ್ಚಿದ ಚೆಂಡು ಕಲ್ಲಿನಂತಾಗಿ ಪಾಸ್ ಹಿಡಿಯುವ ಮಗುವಿನ ಬೆರಳು ಉಳುಕಿಸುತ್ತದೆ. ಆ ನೋವಿಗೆ ಹೆದರಿ ಆಟ ಬಿಡುವ ಮಕ್ಕಳಿದ್ದಾರೆ, ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಪ್ರಯೋಗಾಲಯದಲ್ಲಿ ಪಾಸಾದ ಚೆಂಡು ಕೈಯಲ್ಲಿ ಫೇಲಾಗಬಹುದು ಎಂಬುದಕ್ಕೆ 2006ರ ಪ್ರಕರಣಕ್ಕಿಂತ ಒಳ್ಳೆಯ ಪಾಠವಿಲ್ಲ. ಅಮೆರಿಕದ ಎನ್‌ಬಿಎ ಲೀಗ್ ತೊಗಲಿನ ಚೆಂಡು ಬಿಟ್ಟು, ಸ್ಪಾಲ್ಡಿಂಗ್ ಕಂಪನಿಯ ಮೈಕ್ರೊಫೈಬರ್ ಚೆಂಡನ್ನು ತಂದಿತು. ಎಂಟು ಪಟ್ಟಿಗಳ ಬದಲು ಶಿಲುಬೆಯಾಕಾರದ ಎರಡೇ ಪಟ್ಟಿಗಳು ಒಂದರೊಳಗೊಂದು ಕೂತ ವಿನ್ಯಾಸ. ಹಿಡಿತ ಚೆನ್ನ, ಎಲ್ಲ ಚೆಂಡೂ ಒಂದೇ ಥರ ಎಂದು ಹೊಗಳಿದರು. ಆಟಗಾರರು ಮಾತ್ರ ಬೆರಳ ತುದಿ ಸೀಳುತ್ತಿದೆ ಎಂದು ದೂರಿದರು. ಟೆಕ್ಸಾಸ್ ವಿಶ್ವವಿದ್ಯಾಲಯದ ಆರ್ಲಿಂಗ್ಟನ್ ಕ್ಯಾಂಪಸ್ಸಿನ ಭೌತವಿಜ್ಞಾನಿಗಳು, ಅವರಲ್ಲಿ ಭಾರತ ಮೂಲದ ಕೌಶಿಕ್ ಡೇ ಒಬ್ಬರು, ಎರಡೂ ಚೆಂಡುಗಳನ್ನು ಅಳೆದು ನೋಡಿದರು. ಹೊಸದು ತುಸು ಕಡಿಮೆ ಪುಟಿಯುತ್ತಿತ್ತು, ಹೆಚ್ಚು ಅಂಕೆ ತಪ್ಪಿ ಹಾರುತ್ತಿತ್ತು. ಒಣಗಿದ್ದಾಗ ಹಿಡಿತ ಜಾಸ್ತಿಯೇ, ಒದ್ದೆಯಾದರೆ ಜಾರಿಕೆ. ತೊಗಲು ಬೆವರು ಹೀರಿಕೊಳ್ಳುತ್ತದೆ, ಈ ಮೈಕ್ರೊಫೈಬರ್ ಹೀರುತ್ತಿರಲಿಲ್ಲ. 2007ರ ಜನವರಿ 1ಕ್ಕೆ ತೊಗಲಿನ ಚೆಂಡು ವಾಪಸ್ ಬಂತು.

ಲಕ್ಷಗಟ್ಟಲೆ ಡಾಲರ್ ಸಂಬಳದ ಆಟಗಾರರಿಗೆ ದೂರುವ ಬಾಯಿ ಇತ್ತು. ಐದನೇ ಕ್ಲಾಸಿನ ಮಗುವಿಗೆ ಅದಿಲ್ಲ. ಗಂಡಸರು ಆಡುವ ಏಳನೇ ನಂಬರ್ ಚೆಂಡಿನ ಸುತ್ತಳತೆ ಸುಮಾರು 76 ಸೆಂಟಿಮೀಟರ್, ತೂಕ 600 ಗ್ರಾಂ ಆಸುಪಾಸು. ಐದನೇ ನಂಬರಿನದು 70 ಸೆಂಟಿಮೀಟರ್, 480 ಗ್ರಾಂ. ಚಿಕ್ಕ ಮಕ್ಕಳಿಗೆಂದು ವಿಶ್ವ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಹೇಳುವ ಮಿನಿ ಆಟದಲ್ಲಿ ಇದೇ ಚೆಂಡು, ಬಳೆಯ ಎತ್ತರವೂ 3.05 ಮೀಟರಿನಿಂದ 2.60ಕ್ಕೆ ಇಳಿಯುತ್ತದೆ. ಭಾರದ ಚೆಂಡು ಕೊಟ್ಟರೆ ಮಗು ಅದನ್ನು ಸೊಂಟದ ಹತ್ತಿರದಿಂದ ಎರಡೂ ಕೈಯಲ್ಲಿ ಎಸೆಯಲು ಕಲಿಯುತ್ತದೆ, ಆಮೇಲೆ ಆ ರೂಢಿ ಬಿಡಿಸುವುದು ಕಷ್ಟ. ಹೆಂಗಸರ ಆಟಕ್ಕೆ ಆರನೇ ನಂಬರ್ ಚೆಂಡು ಅಂತರರಾಷ್ಟ್ರೀಯ ಮಟ್ಟದಲ್ಲಿ ಬಂದದ್ದೇ 2004ರಲ್ಲಿ. 2017ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣದಲ್ಲಿ ನಮ್ಮ ಮಹಿಳಾ ತಂಡ ಏಷ್ಯಾ ಕಪ್ಪಿನ ಬಿ ವಿಭಾಗ ಗೆದ್ದದ್ದು ಆ ಚೆಂಡಿನಲ್ಲೇ. ಬೆಳೆದ ಆಟಗಾರ್ತಿಯರಿಗೇ ಆರನೇ ನಂಬರ್ ಸಾಕೆಂದಾದ ಮೇಲೆ ಪ್ರೈಮರಿ ಮಕ್ಕಳ ಕೈಗೆ ಏಳನೇ ನಂಬರ್ ಯಾಕೆ? ಶಾಲೆಗೆ ಒಂದೇ ಚೆಂಡು ಕೊಳ್ಳುವ ದುಡ್ಡಿದ್ದರೆ ಐದನೇ ನಂಬರಿನ ರಬ್ಬರ್ ಚೆಂಡು ಕೊಳ್ಳಿ ಎಂದೇ ನಾನು ಹೇಳುವುದು. ದೊಡ್ಡವರು ಚಿಕ್ಕ ಚೆಂಡಿನಲ್ಲಿ ಆಡಬಹುದು, ಚಿಕ್ಕವರು ದೊಡ್ಡದರಲ್ಲಿ ಕಲಿಯಲಾರರು.

ಬಣ್ಣವೂ ಯೋಚಿಸಬೇಕಾದದ್ದೇ. ಮೊದಲು ಕಂದು ಬಣ್ಣದ್ದಿದ್ದ ಚೆಂಡಿಗೆ 1950ರ ದಶಕದ ಕೊನೆಯಲ್ಲಿ ಟೋನಿ ಹಿಂಕಲ್ ಎಂಬ ಕೋಚ್ ಕಿತ್ತಳೆ ಬಣ್ಣ ತರಿಸಿದ್ದು ನೋಡುವವರಿಗೂ ಆಡುವವರಿಗೂ ಎದ್ದು ಕಾಣಲೆಂದು. ನಮ್ಮ ಕೆಮ್ಮಣ್ಣಿನಲ್ಲಿ, ಸಂಜೆ ಬಿಸಿಲಿನಲ್ಲಿ, ಅದೇ ಬಣ್ಣ ನೆಲದೊಂದಿಗೆ ಬೆರೆತುಹೋಗುತ್ತದೆ. ಹಳದಿ, ನೀಲಿ ಪಟ್ಟಿಯ ಚೆಂಡು ಕಣ್ಣಿಗೆ ಸಿಗುತ್ತದೆ, ತಿರುಗುವುದೂ ಕಾಣುತ್ತದೆ.

ಇನ್ನು ಜಾಲಿ ಮುಳ್ಳು, ಅದು ಚುಚ್ಚಿದರೆ ಚೆಂಡಿನ ಗಾಳಿ ಹೋಯಿತೆಂದೇ ಲೆಕ್ಕ. ವಿಲ್ಸನ್ ಕಂಪನಿ 2023ರಲ್ಲಿ ಗಾಳಿಯೇ ಬೇಡದ ಚೆಂಡೊಂದನ್ನು ತೋರಿಸಿತು. ತ್ರೀಡಿ ಪ್ರಿಂಟರಿನಲ್ಲಿ ಪದರ ಪದರವಾಗಿ ಕಟ್ಟಿದ, ಆರು ಮೂಲೆಯ ತೂತುಗಳ ಜಾಲರಿ. ಪುಟಿಯುವ ಗುಣ ಗಾಳಿಯಿಂದಲ್ಲ, ಜಾಲರಿ ಬಾಗಿ ಚಿಮ್ಮುವುದರಿಂದ. ಮರುವರ್ಷ ಮಾರಾಟಕ್ಕಿಟ್ಟಾಗ ಬೆಲೆ 2,500 ಡಾಲರ್, ನಮ್ಮ ಲೆಕ್ಕದಲ್ಲಿ ಎರಡು ಲಕ್ಷ ರೂಪಾಯಿ. ಈ ವಿದ್ಯೆ ಅಗ್ಗವಾಗಿ, ಐದನೇ ನಂಬರಿನಲ್ಲಿ ಬರುವ ಹೊತ್ತಿಗೆ ಅದನ್ನು ಬರೀ ಹಲಗೆ ನೆಲದ ಮೇಲೆ ಪುಟಿಸಿ ನೋಡಿದರೆ ಸಾಲದು. ಮಳೆ ನಿಂತ ಮಾರನೇ ದಿನ ಪಾಂಡವಪುರದಂಥ ಊರಿನ ಶಾಲೆಯಂಗಳಕ್ಕೆ ತಂದು, ತೂತುಗಳಲ್ಲಿ ಮಣ್ಣು ಮೆತ್ತಿದ ಮೇಲೂ ಎಷ್ಟೆತ್ತರ ಪುಟಿಯುತ್ತದೆ, ಹತ್ತು ವರ್ಷದ ಹುಡುಗಿಯ ಒಂದೇ ಕೈಗೆ ಸಿಗುತ್ತದೆಯೇ ಎಂದು ಅಳೆಯಬೇಕು.