ಕಂಪ್ಯೂಟರ್ ಏಳಲಿಲ್ಲವೇ? ತೂಬಿನಿಂದ ಹುಡುಕಿ

ಮಾರಿಕಣಿವೆಯ ನೀರನ್ನು ನಂಬಿ ತೋಟ ಮಾಡಿದ ಹಿರಿಯೂರು ಸೀಮೆಯ ರೈತರಿಗೆ ಒಂದು ಪಾಠವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ತೋಟಕ್ಕೆ ನೀರು ಬರಲಿಲ್ಲವೆಂದರೆ ಅಣೆಕಟ್ಟೆಯೇ ಬತ್ತಿಹೋಯಿತೆಂದು ಅವರು ತಲೆಯ ಮೇಲೆ ಕೈಹೊತ್ತು ಕೂರುವುದಿಲ್ಲ. ತೂಬು ಎತ್ತಿದ್ದಾರೆಯೇ, ನಾಲೆಯಲ್ಲಿ ನೀರಿದೆಯೇ, ಕಾಲುವೆಯಲ್ಲಿ ಹೂಳು ತುಂಬಿದೆಯೇ ಎಂದು ಮೇಲಿನಿಂದ ಕೆಳಕ್ಕೆ ನೋಡುತ್ತ ಬರುತ್ತಾರೆ. ನೀರು ಎಲ್ಲಿಯವರೆಗೆ ಬಂದಿದೆ ಎಂದು ತಿಳಿದರೆ ಎಲ್ಲಿ ನಿಂತಿತು ಎಂಬುದೂ ತಿಳಿದಂತೆ.

ವೇದಾವತಿ ನದಿಗೆ ಅಡ್ಡಲಾಗಿ 1898ರಲ್ಲಿ ಕಟ್ಟಲಾರಂಭಿಸಿ 1907ರಲ್ಲಿ ಮುಗಿಸಿದ ಈ ವಾಣಿವಿಲಾಸ ಸಾಗರ ಇನ್ನೊಂದು ಪಾಠವನ್ನೂ ಹೇಳುತ್ತದೆ. 1933ರಲ್ಲಿ ಕೋಡಿ ಬಿದ್ದ ಜಲಾಶಯ ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ಬಳಿಕ, 2022ರಲ್ಲಿ. ನಡುವಿನ ಅಷ್ಟೂ ವರ್ಷ ಕಟ್ಟೆ ಕೆಟ್ಟಿರಲಿಲ್ಲ. ಬರಬೇಕಾದಷ್ಟು ನೀರು ಬಂದಿರಲಿಲ್ಲ, ಅಷ್ಟೆ.

ಮನೆಯ ಕಂಪ್ಯೂಟರ್ ಒಂದು ಬೆಳಿಗ್ಗೆ ಏಳದೆ ಹೋದಾಗ ಈ ಎರಡೂ ಪಾಠಗಳು ನೆನಪಿಗೆ ಬರಬೇಕು. ಬರುವುದು ಮಾತ್ರ ಗಾಬರಿ. ನಾಳೆ ಒಪ್ಪಿಸಬೇಕಾದ ಪ್ರಾಜೆಕ್ಟ್ ಒಳಗಿದೆ ಎಂದು ಮಗಳು ಅಳುತ್ತಾಳೆ. ಹೊಸದಕ್ಕೆ ಎಷ್ಟಾಗುತ್ತದೋ ಎಂದು ತಂದೆ ಲೆಕ್ಕ ಹಾಕುತ್ತಾರೆ. ಅಷ್ಟರಲ್ಲಿ ಯಾರೋ ಬಂದು ‘ಫಾರ್ಮ್ಯಾಟ್ ಮಾಡಿಸಿಬಿಡಿ’ ಎನ್ನುತ್ತಾರೆ. ಆ ಮಾತಿಗೆ ತಲೆಯಾಡಿಸಿದರೆ ಯಂತ್ರವೇನೋ ಎದ್ದೀತು, ಪ್ರಾಜೆಕ್ಟ್ ಉಳಿಯದು.

ಗುಂಡಿ ಒತ್ತಿದ ಮೇಲೆ

ಕಂಪ್ಯೂಟರ್ ಶುರುವಾಗುವುದಕ್ಕೆ ‘ಬೂಟ್’ ಎನ್ನುತ್ತಾರೆ. ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದು ತನ್ನನ್ನು ಮೇಲೆತ್ತಿಕೊಳ್ಳುವ ಕಲ್ಪನೆಯಿಂದ ಬಂದ ಹೆಸರಿದು. ಯಾವುದೇ ಕ್ರಮವಿಧಿ ಕೆಲಸ ಮಾಡಬೇಕಾದರೆ ಅದು ಮೊದಲು ಸ್ಮೃತಿಯಲ್ಲಿ ಇರಬೇಕು. ಆದರೆ ಆಗತಾನೆ ಎಚ್ಚರಗೊಂಡ ಯಂತ್ರದ ಸ್ಮೃತಿ ಖಾಲಿ! ಈ ತೊಡಕನ್ನು ಬಿಡಿಸಲು ಒಂದು ಪುಟ್ಟ ಕ್ರಮವಿಧಿಯನ್ನು ಮದರ್‌ಬೋರ್ಡಿನ ಚಿಪ್ಪಿನಲ್ಲೇ ಅಳಿಸಿಹೋಗದಂತೆ ಇಟ್ಟಿರುತ್ತಾರೆ. 1981ರಲ್ಲಿ ಬಂದ ಐಬಿಎಂ ಪಿಸಿಯಲ್ಲಿ ಅದರ ಹೆಸರು ಬಯಾಸ್. ಈಗಿನ ಯಂತ್ರಗಳಲ್ಲಿ ಯುಇಎಫ್ಐ ಆ ಕೆಲಸ ಮಾಡುತ್ತದೆ.

ಮೊದಲಿಗೆ ಎಸ್‌ಎಂಪಿಎಸ್ ಪೆಟ್ಟಿಗೆ ಗೋಡೆಯ 230 ವೋಲ್ಟ್ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟ್‌ಗಳಿಗೆ ಇಳಿಸುತ್ತದೆ. ಬಳಿಕ ಬಯಾಸ್ ಎದ್ದು ರ‍್ಯಾಮ್, ಕೀಲಿಮಣೆ, ಡಿಸ್ಕ್ ಎಲ್ಲ ಹಾಜರಿವೆಯೇ ಎಂದು ಹಾಜರಿ ಕೂಗುತ್ತದೆ. ಎಲ್ಲವೂ ಸರಿಯಿದ್ದರೆ ಡಿಸ್ಕಿನಿಂದ ವಿಂಡೋಸ್ ಅಥವಾ ಲಿನಕ್ಸನ್ನು ಸ್ಮೃತಿಗೆ ತಂದು ಅಧಿಕಾರ ಒಪ್ಪಿಸುತ್ತದೆ. ವಿದ್ಯುತ್ತು, ತಪಾಸಣೆ, ಡಿಸ್ಕು, ವಿಂಡೋಸು – ಇವೇ ನಾಲ್ಕು ಮೆಟ್ಟಿಲುಗಳು. ಯಂತ್ರ ನಿಂತದ್ದು ಯಾವ ಮೆಟ್ಟಿಲಲ್ಲಿ?

ದೀಪವೂ ಇಲ್ಲ, ಸದ್ದೂ ಇಲ್ಲ

ಇದು ತೂಬಿನಲ್ಲೇ ನೀರಿಲ್ಲದ ಸ್ಥಿತಿ. ಅದೇ ಸಾಕೆಟ್ಟಿಗೆ ಬೇರೊಂದು ದೀಪ ಹಾಕಿ ನೋಡಿ. ಯುಪಿಎಸ್ ಬ್ಯಾಟರಿ ಸತ್ತಿರಬಹುದು. ಯಂತ್ರವನ್ನು ನೇರವಾಗಿ ಗೋಡೆಗೆ ಜೋಡಿಸಿ ಪರೀಕ್ಷಿಸಿ. ಹಿಂಬದಿಯ ತಂತಿ ಸಡಿಲವಾಗಿರಬಹುದು. ಎಸ್‌ಎಂಪಿಎಸ್‌ನ ಹಿಂದಿರುವ ಪುಟ್ಟ ಸ್ವಿಚ್ ಕಸ ಗುಡಿಸುವಾಗ ಆಫ್ ಆಗಿರುವುದೂ ಉಂಟು. ಇಷ್ಟಾದರೂ ಏಳದಿದ್ದರೆ ಎಸ್‌ಎಂಪಿಎಸ್ ಮೇಲೆ ಅನುಮಾನ ಪಡಬೇಕು. ಆದರೆ ಆ ಪೆಟ್ಟಿಗೆಯನ್ನು ಮಕ್ಕಳಾಗಲಿ ದೊಡ್ಡವರಾಗಲಿ ಮನೆಯಲ್ಲಿ ಬಿಚ್ಚಲೇಬಾರದು. ತಂತಿ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರುಗಳು ಅಪಾಯಕರ ವಿದ್ಯುತ್ತನ್ನು ಹಿಡಿದಿಟ್ಟಿರುತ್ತವೆ.

ಕ್ಯಾಬಿನೆಟ್ಟಿನ ಲೋಹ ಮುಟ್ಟಿದರೆ ಜುಮ್ಮೆನ್ನುತ್ತದೆಯೇ? ಅರ್ಥಿಂಗ್ ಸರಿಯಿಲ್ಲ ಎಂದರ್ಥ. ಚಿತ್ರದುರ್ಗದಂಥ ಒಣ ಸೀಮೆಯಲ್ಲಿ ಇದ್ದಿಲು, ಉಪ್ಪು ತುಂಬಿದ ಅರ್ಥಿಂಗ್ ಗುಂಡಿ ಬೇಸಿಗೆಯಲ್ಲಿ ಒಣಗುತ್ತದೆ. ಅದಕ್ಕೆ ಆಗಾಗ ನೀರು ಹಾಕಬೇಕು. ಜುಮ್ಮೆನ್ನುವುದು ನಿಲ್ಲದಿದ್ದರೆ ಎಲೆಕ್ಟ್ರಿಷಿಯನ್‌ಗೆ ತೋರಿಸಬೇಕು.

ಫ್ಯಾನು ತಿರುಗುತ್ತದೆ, ಪರದೆ ಕತ್ತಲು

ಮೊದಲು ಮಾನಿಟರಿನ ದೀಪ, ಅದರ ತಂತಿ ನೋಡಿ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದ್ದರೆ ತಂತಿ ಅದಕ್ಕೇ ಸೇರಿರಬೇಕು. ನಂತರ ಕಿವಿಗೊಡಿ. ಹಳೆಯ ಯಂತ್ರಗಳಲ್ಲಿ ಒಂದೇ ಒಂದು ಚಿಕ್ಕ ‘ಬೀಪ್’ ಬಂದರೆ ಸಾಮಾನ್ಯವಾಗಿ ಎಲ್ಲ ಕ್ಷೇಮ. ಮತ್ತೆ ಮತ್ತೆ ಬೀಪ್ ಬರುತ್ತಿದ್ದರೆ ಹಲವು ಬಾರಿ ಅದು ರ‍್ಯಾಮ್‌ನ ದೂರು. ಈ ಸಂಕೇತಗಳು ತಯಾರಕರಿಂದ ತಯಾರಕರಿಗೆ ಬೇರೆ ಬೇರೆ. ಆದ್ದರಿಂದ ಮದರ್‌ಬೋರ್ಡಿನ ಜೊತೆ ಬಂದ ಪುಸ್ತಕವನ್ನು ಎಸೆಯಬೇಡಿ. ಕೆಲವು ಹೊಸ ಬೋರ್ಡುಗಳಲ್ಲಿ ಸದ್ದಿನ ಬದಲು ಪುಟ್ಟ ದೀಪಗಳು ದೋಷ ಹೇಳುತ್ತವೆ.

ಧೂಳು ಮತ್ತು ತೇವದಿಂದ ರ‍್ಯಾಮ್‌ನ ಸಂಪರ್ಕ ತಪ್ಪುವುದು ತೀರ ಸಾಮಾನ್ಯ. ವಿದ್ಯುತ್ ತಂತಿಯನ್ನು ಪೂರ್ತಿ ಕಿತ್ತು, ಪವರ್ ಗುಂಡಿಯನ್ನು ಕೆಲವು ಕ್ಷಣ ಒತ್ತಿಹಿಡಿಯಿರಿ. ಉಳಿದ ವಿದ್ಯುತ್ತು ಖಾಲಿಯಾಗುತ್ತದೆ. ಕ್ಯಾಬಿನೆಟ್ಟಿನ ಲೋಹವನ್ನು ಒಮ್ಮೆ ಮುಟ್ಟಿ, ಮೈಮೇಲಿನ ಸ್ಥಿರವಿದ್ಯುತ್ತನ್ನು ಕಳೆದುಕೊಳ್ಳಿ. ಆಮೇಲೆ ರ‍್ಯಾಮ್ ಪಟ್ಟಿಯನ್ನು ಅಂಚಿನಲ್ಲಿ ಹಿಡಿದು ಬಿಡಿಸಿ, ಅದರ ಚಿನ್ನದ ಬಣ್ಣದ ಅಂಚನ್ನು ಮೆದುವಾದ ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿ ಒರೆಸಿ, ‘ಟಕ್’ ಎನ್ನುವವರೆಗೆ ಒತ್ತಿ ಕೂರಿಸಿ. ಎರಡು ಪಟ್ಟಿಗಳಿದ್ದರೆ ಒಂದೊಂದನ್ನೇ ಹಾಕಿ ನೋಡಿ. ಕಾಸಿನ ಖರ್ಚಿಲ್ಲದ ಈ ಚಿಕಿತ್ಸೆಯಿಂದಲೇ ಎದ್ದು ಕುಳಿತ ಯಂತ್ರಗಳು ಕಡಿಮೆಯಲ್ಲ.

ಅಕ್ಷರ ಬಂತು, ಮುಂದೆ ಹೋಗದು

ಪರದೆಯ ಮೇಲೆ ಬೂಟ್ ಮಾಡಲು ಡಿಸ್ಕ್ ಸಿಗಲಿಲ್ಲ ಎಂಬ ಸಂದೇಶ ಬಂದರೆ ಮೊದಲು ಚುಚ್ಚಿಟ್ಟ ಪೆನ್‌ಡ್ರೈವ್ ತೆಗೆಯಿರಿ. ಬಯಾಸ್ ಅದರಲ್ಲೇ ವಿಂಡೋಸ್ ಹುಡುಕುತ್ತಿರಬಹುದು. ಗಡಿಯಾರ, ತಾರೀಖು ಹಿಂದಕ್ಕೆ ಹೋಗಿದ್ದರೆ ಮದರ್‌ಬೋರ್ಡಿನ ಮೇಲಿನ ನಾಣ್ಯದಾಕಾರದ 3 ವೋಲ್ಟ್ ಬ್ಯಾಟರಿ ಮುಗಿದಿರುತ್ತದೆ. ಹೆಚ್ಚಿನ ಯಂತ್ರಗಳಲ್ಲಿ ಅದು ಸಿಆರ್ 2032. ಬ್ಯಾಟರಿ ಮುಗಿದಾಗ ಯಾವ ಡಿಸ್ಕಿನಿಂದ ಏಳಬೇಕು ಎಂಬುದನ್ನೂ ಯಂತ್ರ ಮರೆಯಬಹುದು. ಬ್ಯಾಟರಿ ಬದಲಿಸಿ, ಬಯಾಸ್‌ನಲ್ಲಿ ಡಿಸ್ಕಿನ ಕ್ರಮ ಸರಿಪಡಿಸಿದರೆ ಸಾಕು. ಡಿಸ್ಕಿನ ತಂತಿಯನ್ನೂ ಒಮ್ಮೆ ಬಿಚ್ಚಿ ಹಾಕಿ.

ಹಾರ್ಡ್ ಡಿಸ್ಕ್ ‘ಟಿಕ್ ಟಿಕ್’ ಎಂದು ಒಂದೇ ಸಮನೆ ಬಡಿದುಕೊಳ್ಳುತ್ತಿದ್ದರೆ ಮಾತ್ರ ತಕ್ಷಣ ಆರಿಸಿ. ಮತ್ತೆ ಮತ್ತೆ ಚಾಲೂ ಮಾಡಿದಷ್ಟೂ ಒಳಗಿನ ಮಾಹಿತಿ ಕೈತಪ್ಪುವ ಸಂಭವ ಹೆಚ್ಚು.

ಫಾರ್ಮ್ಯಾಟ್ ಎನ್ನುವ ಮುನ್ನ

ವಿಂಡೋಸಿನ ಚಿಹ್ನೆ ಬಂದು ನಿಂತರೆ, ಅಥವಾ ನೀಲಿ ಪರದೆ ಬಂದರೆ, ಮೊದಲ ಮೂರು ಮೆಟ್ಟಿಲು ಬಹುಮಟ್ಟಿಗೆ ದಾಟಿದಂತೆ. ವಿಂಡೋಸಿನಲ್ಲೇ ದುರಸ್ತಿಯ ಏರ್ಪಾಡಿದೆ, ಸೇಫ್ ಮೋಡ್ ಇದೆ. ಅವುಗಳನ್ನು ಮೊದಲು ಪ್ರಯತ್ನಿಸಿ. ವಿಂಡೋಸ್ ಏಳದಿದ್ದರೂ ನಿಮ್ಮ ಕಡತಗಳು ಡಿಸ್ಕಿನಲ್ಲಿ ಸುಖವಾಗಿಯೇ ಇರುವುದು ಹೆಚ್ಚು. ಡಿಸ್ಕನ್ನು ಇನ್ನೊಂದು ಕಂಪ್ಯೂಟರಿಗೆ ಜೋಡಿಸಿದರೆ, ಅಥವಾ ಪೆನ್‌ಡ್ರೈವಿನಿಂದ ಲಿನಕ್ಸ್ ನಡೆಸಿದರೆ, ಅವನ್ನು ಹೊರತೆಗೆಯಬಹುದು. ಹೊಸ ವಿಂಡೋಸ್ ಯಂತ್ರಗಳಲ್ಲಿ ಡಿಸ್ಕಿಗೆ ಬೀಗ ಬಿದ್ದಿರುವುದುಂಟು. ಅದರ ಕೀಲಿಸಂಖ್ಯೆಯನ್ನು ಯಂತ್ರ ಸರಿಯಿರುವಾಗಲೇ ಬರೆದಿಟ್ಟುಕೊಳ್ಳಿ. ಫಾರ್ಮ್ಯಾಟ್ ಕೊನೆಯ ಮದ್ದು, ಅದೂ ಕಡತಗಳ ಪ್ರತಿ ತೆಗೆದ ನಂತರ.

ಪೋಷಕರಿಗೆ ಒಂದು ಮಾತು. ಅಂಗಡಿಗೆ ಒಯ್ಯಲೇಬೇಕಾದರೆ ‘ಕಂಪ್ಯೂಟರ್ ಕೆಟ್ಟಿದೆ’ ಎನ್ನಬೇಡಿ. ‘ಫ್ಯಾನು ತಿರುಗುತ್ತದೆ, ಬೀಪ್ ಬರುತ್ತದೆ, ರ‍್ಯಾಮ್ ಬದಲಿಸಿ ನೋಡಿದ್ದೇವೆ, ಡಿಸ್ಕನ್ನು ಅಳಿಸಬೇಡಿ’ ಎಂದು ಚೀಟಿ ಬರೆದುಕೊಡಿ. ಆ ಚೀಟಿಯನ್ನು ಮಗನೋ ಮಗಳೋ ಬರೆಯಲಿ. ಏನು ನೋಡಿದೆ, ಏನು ಮಾಡಿದೆ, ಏನಾಯಿತು ಎಂದು ಕ್ರಮವಾಗಿ ಬರೆಯುವುದಕ್ಕೇ ಶಾಲೆಯಲ್ಲಿ ವಿಜ್ಞಾನದ ಪ್ರಯೋಗ ಎನ್ನುತ್ತಾರೆ. ಮುಖ್ಯವಾದ ಕಡತಗಳ ಇನ್ನೊಂದು ಪ್ರತಿ ಪೆನ್‌ಡ್ರೈವಿನಲ್ಲಿ ಇದ್ದರೆ ಆ ಪ್ರಯೋಗವನ್ನು ಕಣ್ಣೀರಿಲ್ಲದೆ ಮಾಡಬಹುದು.