ಕಣ್ಣು ಮುಚ್ಚಿದರೆ ಹಾಲಿನ ನೆನಪು!

"ಧ್ಯಾನಕ್ಕೆ ಕೂತರೆ ಸಾಕು ಕಣ್ರೀ, ಹಾಲು ಉಕ್ಕಿತೇನೋ, ಬಾಗಿಲು ಹಾಕಿದೆನೋ ಇಲ್ಲವೋ ಅಂತ ಶುರುವಾಗುತ್ತೆ. ನನಗೆ ಆ ಯೋಗ ಇಲ್ಲ ಬಿಡಿ" ಎಂದರು ಪಕ್ಕದ ಮನೆಯಾಕೆ. ಸೋದರಿಯರೇ, ನಿಮಗೂ ಹೀಗೇ ಆಗುವುದಿಲ್ಲವೇ? ನನಗಂತೂ ಆಗುತ್ತದೆ.

ಮನಸ್ಸು ಬರಿದಾದರೆ ಮಾತ್ರ ಧ್ಯಾನ ಎಂದು ನಮಗೆ ಹೇಳಿದವರು ಯಾರೋ! ಮಾಡುವವರನ್ನೇ ವಿಚಾರಿಸಿ ನೋಡಿ. ಎಡ ಅಂಗೈಯ ಇಷ್ಟಲಿಂಗವನ್ನು ಎವೆಯಿಕ್ಕದೆ ನೋಡುವ ಅಜ್ಜಿಗೆ ಅದು ಪೂಜೆಯೂ ಹೌದು, ಧ್ಯಾನವೂ ಹೌದು. ಕಣ್ಣು ಮುಚ್ಚುವ ಮಾತೇ ಇಲ್ಲ. ಜೈನರಲ್ಲಿ ಸಾಮಾಯಿಕವೆಂದರೆ 48 ನಿಮಿಷದ ಸಮಭಾವದ ವ್ರತ. ಜಪಮಾಲೆ ಹಿಡಿದವರಿಗೆ 108 ಮಣಿಗಳೇ ಆಸರೆ.

ವಿಪಶ್ಯನ ಕಲಿಸಿದ ಗೋಯೆಂಕಾ ಅವರ ಕಥೆ ಕೇಳಿ. ಬರ್ಮಾದಲ್ಲಿ ದೊಡ್ಡ ವ್ಯಾಪಾರಿ, ತಡೆಯಲಾರದ ಅರೆತಲೆನೋವು. ಅದು ವಾಸಿಯಾದರೆ ಸಾಕೆಂದು 1955ರಲ್ಲಿ ಊ ಬಾ ಖಿನ್ ಎಂಬ ಗುರುಗಳ ಬಳಿ ಹೋದರು. ಗುರುಗಳು ಒಪ್ಪಲಿಲ್ಲ! ಬರೀ ತಲೆನೋವಿಗಾಗಿ ಬರಬೇಡ, ಮನಸ್ಸು ತೊಳೆದುಕೊಳ್ಳಲು ಬಾ ಎಂದರು. ಅವರು 1969ರಲ್ಲಿ ಭಾರತಕ್ಕೆ ತಂದ ಹತ್ತು ದಿನದ ಶಿಬಿರದಲ್ಲಿ ಬಹುಪಾಲು ಮೌನ. ಮಂತ್ರವಿಲ್ಲ, ಮೂರ್ತಿಯಿಲ್ಲ, ಮೊದಲು ಉಸಿರನ್ನು ಗಮನಿಸುವುದಷ್ಟೇ. ಮಕ್ಕಳೊಂದಿಗನೆಯವರಿಗೆ ಹತ್ತು ದಿನ ಎಲ್ಲಿಂದ ಬರಬೇಕು, ಅದು ಬೇರೆ ಮಾತು.

ಅಮೆರಿಕದ ಡಾಕ್ಟರ್ ಹರ್ಬರ್ಟ್ ಬೆನ್ಸನ್ ಅವರಿಗೆ ಇದು ದೇಹದ ವಿಶ್ರಾಂತಿ. 1975ರ ಪುಸ್ತಕದಲ್ಲಿ ಅವರು ಹೇಳಿದ ಕ್ರಮ ಸುಲಭ: ಊಟವಾದ ಕೂಡಲೇ ಬೇಡ, ಸುಮ್ಮನೆ ಕೂತು ಒಂದು ಪದವನ್ನು ಉಸಿರಿನೊಂದಿಗೆ ಹೇಳಿಕೊಳ್ಳಿ, ಹತ್ತಿಪ್ಪತ್ತು ನಿಮಿಷ. ಬೇರೆ ಯೋಚನೆ ಬಂದರೆ ಬೈದುಕೊಳ್ಳದೆ ಪದಕ್ಕೆ ಮರಳಿ. ಹಾಲಿನ ಯೋಚನೆಗೂ ಇದೇ ಮದ್ದು!

ಆದರೆ ಒಂದು ಮಾತು. ಅಮ್ಮ ತೀರಿಕೊಂಡ ವರ್ಷ ನಾನು ಕಣ್ಣು ಮುಚ್ಚಿ ಕೂತಾಗೆಲ್ಲ ಅಳುವೇ ಉಮ್ಮಳಿಸುತ್ತಿತ್ತು, ಎದೆ ಡವಗುಟ್ಟುತ್ತಿತ್ತು. ಶ್ರದ್ಧೆ ಸಾಲದೆಂದು ಇನ್ನಷ್ಟು ಹೊತ್ತು ಕೂತೆ, ನಿದ್ದೆಯೂ ಹೋಯಿತು. ಕೆಲವರಿಗೆ ಹೀಗಾಗುವುದುಂಟು, ಅದು ನಿಮ್ಮ ತಪ್ಪಲ್ಲ. ನಿಲ್ಲಿಸಿಬಿಡಿ, ಡಾಕ್ಟರಿಗೆ ಹೇಳಿ. ಧ್ಯಾನ ಮಾಡುತ್ತೇನೆಂದು ಬಿ.ಪಿ. ಮಾತ್ರೆಯನ್ನಂತೂ ಬಿಡಲೇಬೇಡಿ.

ಮೊನ್ನೆ ಪಕ್ಕದ ಮನೆಯಾಕೆ ಮೆಲ್ಲಗೆ ಬಾಯಿಬಿಟ್ಟರು. ಬೆಳಿಗ್ಗೆ ಐದಕ್ಕೆ ಎದ್ದು ಹಿತ್ತಿಲ ಕಟ್ಟೆಯ ಮೇಲೆ ಸುಮ್ಮನೆ ಕೂರುತ್ತಾರಂತೆ. "ಯಾರೂ ಕಾಫಿ ಕೇಳದ ಹೊತ್ತು ಅದೊಂದೇ ಕಣ್ರೀ. ಅದೂ ಧ್ಯಾನವೇನು?"

ಅವರ ಯಜಮಾನರಿಗೆ ಇನ್ನೂ ಗೊತ್ತಿಲ್ಲವಂತೆ. ನೀವೂ ಹೇಳಬೇಡಿ!