ತಂದೆ ತಡೆದರು, ಮಗನೂ ತಡೆದರು: ಜನರಲ್ ತಿಮ್ಮಯ್ಯ

ಮಡಿಕೇರಿಗೆ ಪ್ರವಾಸ ಹೋಗುವ ನಮ್ಮವರು ರಾಜಾಸೀಟಿನಲ್ಲಿ ಸೂರ್ಯಾಸ್ತ ನೋಡಿ, ಜೇನುತುಪ್ಪ, ಕರಿಮೆಣಸು ಕೊಂಡು ಮರಳುವುದೇ ಹೆಚ್ಚು. ಅದೇ ಊರಿನಲ್ಲಿ ‘ಸನ್ನಿಸೈಡ್’ ಎಂಬ ಮನೆಯಿದೆ. ಜನರಲ್ ಕೊಡಂದೇರ ಸುಬಯ್ಯ ತಿಮ್ಮಯ್ಯನವರ ಕುಟುಂಬದ ಆ ಮನೆ 2021ರಿಂದ ಅವರ ನೆನಪಿನ ವಸ್ತುಸಂಗ್ರಹಾಲಯವಾಗಿದೆ. ಕನ್ನಡಿಗರಿಗೆ ಕಾರ್ಯಪ್ಪನವರ ಹೆಸರು ಚಿರಪರಿಚಿತ. ಆದರೆ ತಿಮ್ಮಯ್ಯನವರನ್ನು ನಾವು ಸ್ವಲ್ಪ ಮರೆತೆವೇನೋ ಎಂದು ನನಗೆ ಅನ್ನಿಸುವುದುಂಟು.

1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದ ತಿಮ್ಮಯ್ಯನವರು ಕೂನೂರು, ಬೆಂಗಳೂರು, ಡೆಹರಾಡೂನ್‌ಗಳಲ್ಲಿ ಓದಿ, ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನಲ್ಲಿ ತರಬೇತಿ ಪಡೆದು, 1926ರಲ್ಲಿ ಸೇನಾಧಿಕಾರಿಯಾದರು. ದೇಶದಲ್ಲಿ ಸ್ವಾತಂತ್ರ್ಯದ ಗಾಳಿ ಬೀಸುತ್ತಿದ್ದ ಕಾಲ. ಬಿಳಿಯರ ಸಮವಸ್ತ್ರ ತೊಟ್ಟ ಯುವಕನಿಗೆ ಮನಸ್ಸು ಕಸಿವಿಸಿಯಾಗದಿರುತ್ತದೆಯೇ? ಅಲಹಾಬಾದಿನಲ್ಲಿದ್ದಾಗ, ಕೆಲಸ ಬಿಟ್ಟುಬಿಡಲೇ ಎಂದು ಮೋತಿಲಾಲ್ ನೆಹರೂ ಅವರನ್ನೇ ಕೇಳಿದರಂತೆ. ಬೇಡ, ನಾಳೆ ಸ್ವತಂತ್ರ ಭಾರತಕ್ಕೆ ತರಬೇತಾದ ಅಧಿಕಾರಿಗಳು ಬೇಕಾಗುತ್ತಾರೆ ಎಂದು ಹಿರಿಯರು ತಡೆದರು. ತಿಮ್ಮಯ್ಯನವರು ಉಳಿದರು.

1935ರಲ್ಲಿ ನೀನಾ ಅವರನ್ನು ಮದುವೆಯಾಗಿ ದಂಪತಿಗಳು ಕ್ವೆಟ್ಟಾಕ್ಕೆ ಮರಳಿದ ಕೆಲವೇ ತಿಂಗಳಲ್ಲಿ ಅಲ್ಲಿ ಭೀಕರ ಭೂಕಂಪವಾಯಿತು. ಹೊಸದಾಗಿ ಸಂಸಾರ ಹೂಡಿದ್ದ ನೀನಾ ಕೂಡ ಗಂಡನ ಜೊತೆ ಸಂತ್ರಸ್ತರ ಸೇವೆಗೆ ನಿಂತರು. ಸೇನಾನಿಗಳ ಚರಿತ್ರೆ ಬರೆಯುವವರು ಇಂಥ ಹೆಂಡತಿಯರಿಗೆ ಒಂದೆರಡು ಸಾಲು ಕೊಟ್ಟು ಮುಂದೆ ಹೋಗುತ್ತಾರೆ. ಜಾಗದ ಅಭಾವದಿಂದ ನಾನೂ ಹಾಗೆಯೇ ಮಾಡಬೇಕಾಗಿದೆ!

ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ರಣರಂಗದಲ್ಲಿ ಬ್ರಿಗೇಡನ್ನು ಮುನ್ನಡೆಸಿದ ಕೀರ್ತಿ ಅವರದು. ಆದರೆ ಅವರ ಸಾಹಸದ ಶಿಖರ ಕಾಶ್ಮೀರ. 1948ರ ಮೇ ತಿಂಗಳಲ್ಲಿ ಏರ್ ಕಮೊಡೋರ್ ಮೆಹರ್ ಸಿಂಗ್ ಲೇಹ್‌ನಲ್ಲಿ ಮೊದಲ ಬಾರಿಗೆ ಡಕೋಟಾ ವಿಮಾನ ಇಳಿಸಿದಾಗ ಒಳಗೆ ಕುಳಿತಿದ್ದವರು ತಿಮ್ಮಯ್ಯ. ಶತ್ರುಗಳು ಹಿಡಿದಿದ್ದ ಝೋಜಿ ಲಾ ಕಣಿವೆದಾರಿ ಸಮುದ್ರಮಟ್ಟದಿಂದ ಸುಮಾರು 11,500 ಅಡಿ ಎತ್ತರದಲ್ಲಿದೆ. ಅಷ್ಟು ಎತ್ತರಕ್ಕೆ ಟ್ಯಾಂಕ್ ಬರಬಹುದೆಂದು ಯಾರೂ ಎಣಿಸಿರಲಿಲ್ಲ. 7ನೇ ಲೈಟ್ ಕ್ಯಾವಲ್ರಿಯ ಟ್ಯಾಂಕ್‌ಗಳ ಮೇಲ್ಭಾಗ ಕಳಚಿ, ಗುಟ್ಟಾಗಿ ಸಾಗಿಸಿ, ನವೆಂಬರ್ 1ರಂದು ಹಿಮದ ನಡುವೆ ನುಗ್ಗಿಸಿದರು. ದಾರಿ ತೆರೆಯಿತು, ಲಡಾಖ್ ಉಳಿಯಿತು.

ಕೊರಿಯಾ ಯುದ್ಧ ನಿಂತ ಮೇಲೆ, ಸ್ವದೇಶಕ್ಕೆ ಮರಳಲೊಪ್ಪದ 22 ಸಾವಿರಕ್ಕೂ ಹೆಚ್ಚು ಕೈದಿಗಳ ವಿಷಯ ನೋಡಿಕೊಂಡ ತಟಸ್ಥ ರಾಷ್ಟ್ರಗಳ ಆಯೋಗಕ್ಕೂ ಅವರೇ ಅಧ್ಯಕ್ಷರು. 1954ರಲ್ಲಿ ಪದ್ಮಭೂಷಣ, 1957ರಲ್ಲಿ ಭೂಸೇನೆಯ ಮುಖ್ಯಸ್ಥನ ಪಟ್ಟ.

ಆ ಪಟ್ಟ ಮಾತ್ರ ಸುಖ ಕೊಡಲಿಲ್ಲ. ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಅವರಿಗೂ ಇವರಿಗೂ ಬಡ್ತಿಗಳ ವಿಷಯದಲ್ಲಿ, ಸೇನೆಯನ್ನು ನಡೆಸಿಕೊಳ್ಳುವ ರೀತಿಯಲ್ಲಿ ಹೊಂದಾಣಿಕೆಯಾಗಲಿಲ್ಲ. 1959ರ ಆಗಸ್ಟ್ 25ರಂದು ಲೊಂಗ್ಜುವಿನಲ್ಲಿ ಚೀನೀಯರು ಗುಂಡು ಹಾರಿಸಿದರು. ಆರು ದಿನಗಳ ನಂತರ ತಿಮ್ಮಯ್ಯನವರು ರಾಜೀನಾಮೆ ಕಳಿಸಿದರು. ಪ್ರಧಾನಿ ಜವಾಹರಲಾಲ್ ನೆಹರೂ ಕರೆಸಿ ಹಿಂತೆಗೆಸಿದರು. ಅಂದು ತಂದೆ, ಇಂದು ಮಗ! ಆದರೆ ತಡೆದವರೇ ಮರುದಿನಗಳಲ್ಲಿ ಲೋಕಸಭೆಯಲ್ಲಿ ಅವರ ನಡೆಯನ್ನು ಟೀಕಿಸಿದರು. ತಿಮ್ಮಯ್ಯನವರು ಸಾರ್ವಜನಿಕವಾಗಿ ವಾದಕ್ಕಿಳಿಯಲಿಲ್ಲ. ಗಟ್ಟಿಯಾಗಿ ನಿಲ್ಲಬೇಕಿತ್ತು ಎನ್ನುವವರಿದ್ದಾರೆ. ಗಡಿಯಲ್ಲಿ ಗುಂಡು ಹಾರಿದ ಆ ವಾರದಲ್ಲಿ ದಂಡನಾಯಕ ಪಟ್ಟುಹಿಡಿದು ಹೊರನಡೆದಿದ್ದರೆ ಸೇನೆಯ ಗತಿಯೇನು ಎಂದು ಅವರು ಯೋಚಿಸುವುದಿಲ್ಲ.

1961ರ ಮೇ ತಿಂಗಳಲ್ಲಿ ನಿವೃತ್ತರಾದರು. ಚೀನಾದೊಡನೆ ಭಾರತ ಒಂಟಿಯಾಗಿ ಬಹಿರಂಗ ಯುದ್ಧ ನಡೆಸುವುದು ಸೈನಿಕನಾಗಿ ತಮ್ಮ ಊಹೆಗೂ ನಿಲುಕದೆಂದು 1962ರ ಜುಲೈನಲ್ಲಿ ‘ಸೆಮಿನಾರ್’ ಪತ್ರಿಕೆಯಲ್ಲಿ ಬರೆದರು. ಅಕ್ಟೋಬರಿನಲ್ಲಿ ಏನಾಯಿತೆಂಬುದು ನಮಗೆಲ್ಲ ಗೊತ್ತು.

ವಿಶ್ರಾಂತಿ ಬಹಳ ಕಾಲ ದೊರೆಯಲಿಲ್ಲ. 1964ರಲ್ಲಿ ವಿಶ್ವಸಂಸ್ಥೆ ಕರೆಯಿತು. ಗ್ರೀಕರೂ ತುರ್ಕರೂ ಕಾದಾಡುತ್ತಿದ್ದ ಸೈಪ್ರಸ್ ದ್ವೀಪದ ಶಾಂತಿಪಾಲನಾ ಪಡೆಗೆ ನಾಯಕರಾಗಿ ಹೋದರು. 1965ರ ಡಿಸೆಂಬರ್ 18ರಂದು ಅಲ್ಲಿಯೇ ಹೃದಯಾಘಾತದಿಂದ ತೀರಿಕೊಂಡರು. ಮರುವರ್ಷ ಸೈಪ್ರಸ್ ಸರ್ಕಾರ ಅವರ ಚಿತ್ರವಿರುವ ಅಂಚೆಚೀಟಿ ಹೊರಡಿಸಿತು. ಪಾರ್ಥಿವ ಶರೀರವನ್ನು ಬೆಂಗಳೂರಿಗೆ ತಂದು ಅಲ್ಲಿಯೇ ಮಣ್ಣುಮಾಡಲಾಯಿತು.